ಬಿಡಿ ಅನ್ನುವವರೆಗೆ

ಬೆಳಗಿನ ಆರೂವರೆಗೆ ಹುಡುಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚಿಕ್ಕಮ್ಮನ ಅಂಗಿಯ ಕೊಕ್ಕೆಗಳನ್ನು ಬಿಚ್ಚುತ್ತಿದ್ದಳು. ಬ್ಲೇಡಿನ ಮೂಲೆಯಿಂದ ದಾರ ಕೊಯ್ಯುವುದು, ಕೊಕ್ಕೆಯನ್ನು ಉಗುರಿನಿಂದ ಎಬ್ಬಿಸುವುದು, ಪಕ್ಕದ ಬಟ್ಟಲಿಗೆ ಹಾಕುವುದು. ಏಳು ಕೊಕ್ಕೆಗಳೂ ಬಟ್ಟಲು ಸೇರಿದ ಮೇಲೆ ಅವುಗಳ ಜಾಗಕ್ಕೆ ಬಟ್ಟೆಯ ಲಾಡಿ ಹೊಲಿಯತೊಡಗಿದಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಚಿಕ್ಕಮ್ಮ ಬೆರಳಿಗೆ ಸೋಪು ಸವರಿಕೊಂಡು ಉಂಗುರ ತಿರುಗಿಸುತ್ತಿದ್ದಳು. ಅದು ಹುಡುಗಿಯ ಅಮ್ಮನ ಉಂಗುರ. ಅಮ್ಮ ತೀರಿಕೊಂಡ ದಿನ ಚಿಕ್ಕಮ್ಮನ ಬೆರಳು ಸೇರಿದ್ದು ಹದಿನಾರು ವರ್ಷದಿಂದ ಅಲ್ಲಾಡಿರಲಿಲ್ಲ. ಕೊನೆಗೂ ಅದು ಜಾರಿ ಬಟ್ಟಲಿಗೆ ಬಿದ್ದು ಟಿಣ್ ಎಂದಾಗ ಇಬ್ಬರೂ ಬೆಚ್ಚಿಬಿದ್ದರು.

ಸ್ಕ್ಯಾನಿಂಗ್ ಕೋಣೆಯೊಳಗೆ ಒಂದು ಗುಂಡುಪಿನ್ನು ಕೂಡ ಹೋಗುವಂತಿಲ್ಲ. ಆ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ. ಇದು ಹುಡುಗಿಗೆ ಚೆನ್ನಾಗಿ ಗೊತ್ತು. ಎರಡು ವರ್ಷದಿಂದ ಅವಳು ಕೆಲಸ ಮಾಡುತ್ತಿರುವುದು ಅಲ್ಲೇ. ಬಂದವರ ಬಳೆ, ಓಲೆ, ಬೆಲ್ಟು ತೆಗೆಸುವುದು, ಮೇಜಿನ ಮೇಲೆ ಹೊಸ ಹಾಳೆ ಹಾಸುವುದು, ಮಲಗಿದವರ ಮಂಡಿಯ ಕೆಳಗೆ ದಿಂಬು ಕೊಡುವುದು, ಅವರು ಎದ್ದು ಹೊರಬರುವಾಗ ಬಾಗಿಲ ಬಳಿ ಬಿಟ್ಟ ಚಪ್ಪಲಿಯನ್ನು ತಿರುಗಿಸಿ ಕಾಲಿಗೆ ಸಿಗುವ ಹಾಗೆ ಇಡುವುದು, ಇವೆಲ್ಲ ಅವಳ ಕೆಲಸ. ಇವುಗಳ ಜೊತೆಗೆ ಇನ್ನೊಂದು ಕೆಲಸ ಅವಳಿಗೆ ತಾನಾಗಿ ಬಂದು ಅಂಟಿಕೊಂಡಿತ್ತು.

ಹೊಟ್ಟೆಯ ಚಿತ್ರ ತೆಗೆಯುವಾಗ ಒಳಗೆ ಮಲಗಿದವರು ಉಸಿರು ಹಿಡಿದಿರಬೇಕು. ಹದಿನೆಂಟು ಸೆಕೆಂಡು. ಹೊಟ್ಟೆ ಅಲುಗಿದರೆ ಚಿತ್ರ ಕದಡಿದ ನೀರಿನ ಹಾಗೆ ಬರುತ್ತದೆ. ಯಂತ್ರದಲ್ಲಿ ಮೊದಲೇ ಮುದ್ರಿಸಿಟ್ಟ ಒಂದು ಗಂಡಸಿನ ದನಿ ಇತ್ತು. ಅದರ ಗದರಿಕೆಗೆ ವಯಸ್ಸಾದವರು ಹೆದರಿ, ಎಳೆದುಕೊಳ್ಳಿ ಅಂದಾಗ ಬಿಡುತ್ತಿದ್ದರು, ಬಿಡಿ ಅಂದಾಗ ಹಿಡಿಯುತ್ತಿದ್ದರು. ಒಂದು ದಿನ ಚಿತ್ರ ತೆಗೆಯುವ ಟೆಕ್ನಿಷಿಯನ್ನು ಸಾಕಾಗಿ ಮೈಕನ್ನು ಹುಡುಗಿಯ ಕಡೆ ತಳ್ಳಿ, "ಎಲ್ಲಿ, ನೀನೇ ಹೇಳು ನೋಡೋಣ" ಎಂದಿದ್ದ. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದು ಅಂದರೆ ಗಂಟಲು ಕಟ್ಟಿ, ಅದೇ ಕಾರಣಕ್ಕೆ ಶಾಲೆಯನ್ನೇ ಬಿಟ್ಟವಳು ಅವಳು. ಆದರೆ ಮೈಕಿನ ಎದುರು ಯಾರ ಮುಖವೂ ಇರಲಿಲ್ಲ. ಗಾಜಿನ ಆಚೆ ಕಾಣುತ್ತಿದ್ದದ್ದು ಸುರಂಗದಂಥ ಯಂತ್ರದಿಂದ ಹೊರಚಾಚಿದ ಎರಡು ಪಾದಗಳು ಮಾತ್ರ. ಪಾದಗಳಿಗೆ ಅವಳು ಹೆದರಲಿಲ್ಲ. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..." ಎಂದಳು. ಒಳಗಿದ್ದ ಮುದುಕ ಹೇಳಿದಷ್ಟನ್ನೂ ಮಗುವಿನ ಹಾಗೆ ಮಾಡಿದ. ಅವತ್ತಿನಿಂದ ಆ ಕೆಲಸ ಅವಳದೇ ಆಯಿತು. ಬಾಯಿ ಬಿಡದ ಹುಡುಗಿಗೆ ಕೌಂಟರಿನ ಅಕ್ಕ ಇಟ್ಟ ಹೆಸರು ಮೈಕು.

ಟೆಕ್ನಿಷಿಯನ್ನಿಗೂ ಒಂದು ಹೆಸರಿತ್ತು, ಅವಸರದ ಸಾರ್. ಸ್ಕ್ಯಾನು ಮುಗಿದವರು ಎದ್ದು ಕೂರುವ ಮೊದಲೇ ಮುಂದಿನವರ ಫೈಲು ತೆರೆಯುವ ಆಸಾಮಿ. "ಬೇಗ, ಬೇಗ, ಮನೇಲಿ ಹೋಗಿ ಮಲ್ಕೊಳ್ಳಿ" ಎನ್ನುತ್ತಿದ್ದ. ಕೆಟ್ಟವನಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವನು, ಅಷ್ಟೆ. ಆದರೆ ಎರಡು ವರ್ಷದಲ್ಲಿ ಆರು ಸಲ ಅವನು ಅವಸರ ಮಾಡಿರಲಿಲ್ಲ. ಆರು ಸಲವೂ ಪೆನ್ನಿನ ಮುಚ್ಚಳ ಹಾಕಿ, ಕುರ್ಚಿ ಹಿಂದಕ್ಕೆ ತಳ್ಳಿ ತಾನೇ ಎದ್ದು ಹೋಗಿದ್ದ. ಮಲಗಿದವರ ಕೈ ಹಿಡಿದು ಎಬ್ಬಿಸಿದ್ದ. ಬಾಗಿಲ ಬಳಿ ಬಗ್ಗಿ ಅವರ ಚಪ್ಪಲಿಯನ್ನು ತಾನೇ ತಿರುಗಿಸಿ ಇಟ್ಟಿದ್ದ. ಮೊದಲ ಸಲ ಒಬ್ಬ ಮೇಷ್ಟರಿಗೆ. ಆಮೇಲೆ ಮದುವೆ ಗೊತ್ತಾಗಿದ್ದ ಒಬ್ಬಳಿಗೆ. ಆಮೇಲೆ ನಾಲ್ವರಿಗೆ. ಆ ಆರು ಜನರಲ್ಲಿ ಯಾರೂ ಒಂದು ವರ್ಷ ದಾಟಲಿಲ್ಲ. ತಾನು ಹೀಗೆ ಮಾಡುತ್ತೇನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದದ್ದು ಹುಡುಗಿ ಒಬ್ಬಳಿಗೆ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ, ಚಿಕ್ಕಮ್ಮನಿಗಂತೂ ಹೇಳಿರಲೇ ಇಲ್ಲ.

ಚಿಕ್ಕಮ್ಮನ ಲಿವರಿನಲ್ಲಿ ಒಂದು ಗಂಟು ಇತ್ತು. ಗಂಟು ಒಂದೇ ಆಗಿದ್ದರೆ ತೆಗೆಯಬಹುದು, ಆಚೀಚೆ ಹರಡಿದ್ದರೆ ಮುಟ್ಟಲಾಗದು ಎಂದು ಆಪರೇಷನ್ ಡಾಕ್ಟರು ಹೇಳಿದ್ದರು. ಅದನ್ನು ತಿಳಿಯಲು ಸ್ಕ್ಯಾನು ಬೇಕು. ಚಿಕ್ಕಮ್ಮನೋ, ಮುಚ್ಚಿದ ಜಾಗ ಅಂದರೆ ಜೀವ ಹಾರುವಷ್ಟು ಹೆದರುವವಳು. ಅವಳು ಬಟ್ಟೆ ಒಗೆದು ಇಸ್ತ್ರಿ ಮಾಡುವ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಒಮ್ಮೆ ಸಾಮಾನು ಸಾಗಿಸುವ ಲಿಫ್ಟಿನೊಳಗೆ, ಒದ್ದೆ ಹಾಸಿಗೆ ಬಟ್ಟೆಗಳ ಮೂಟೆಗಳ ನಡುವೆ, ಎರಡು ಗಂಟೆ ಸಿಕ್ಕಿಕೊಂಡಿದ್ದಳು. ಅವತ್ತಿನಿಂದ ಬಚ್ಚಲಿನ ಚಿಲಕವನ್ನೂ ಹಾಕುತ್ತಿರಲಿಲ್ಲ. ಮೊದಲ ಸಲ ಯಂತ್ರದೊಳಗೆ ಹೋದಾಗ ಮೂರು ನಿಮಿಷಕ್ಕೆ ಕಿರುಚಿ ಹೊರಬಂದಳು. ಎರಡನೇ ಸಲ ನಿದ್ದೆಯ ಔಷಧಿ ಕೊಟ್ಟರು. ಮಂಪರಿನಲ್ಲಿ ಉಸಿರು ಹಿಡಿಯಲಾಗದೆ ಚಿತ್ರವೆಲ್ಲ ಕದಡಿಹೋಯಿತು. ಡಾಕ್ಟರು, "ಇನ್ನೊಂದೇ ಸಲ ನೋಡೋಣಮ್ಮ. ಒಳಗೇನಿದೆ ಅಂತ ತಿಳೀದೆ ನಾನು ಕೈ ಹಾಕೋದಿಲ್ಲ. ತಡ ಮಾಡೋಕೂ ಟೈಮಿಲ್ಲ" ಎಂದರು.

ಮೂರನೇ ಸಲಕ್ಕೆ ಹತ್ತು ದಿನ ಇತ್ತು. ಆ ಹತ್ತು ದಿನವೂ ಮನೆಯಲ್ಲಿ ಮಂಚದ ಕೆಳಗೆ ಪಾಠ ನಡೆಯಿತು.

ಅದು ಹುಡುಗಿಯದೇ ಯೋಚನೆ. ಮಂಚದ ಹಲಗೆ ಮೂಗಿನಿಂದ ಒಂದು ಗೇಣು ಮೇಲೆ ಬರುತ್ತದೆ, ಯಂತ್ರದ ಸುರಂಗವೂ ಹೆಚ್ಚುಕಡಿಮೆ ಅಷ್ಟೇ. ಚಿಕ್ಕಮ್ಮ ಮೊದಲ ದಿನ ತಲೆ ಒಳಗಿಟ್ಟು ತಕ್ಷಣ ಹೊರಗೆ ತೆಗೆದಳು.

"ಏನೇ ಇದು, ಸತ್ತ ಮೇಲೆ ಮಲಗೋದನ್ನ ಈಗಲೇ ಕಲಿಸ್ತಿದ್ದೀಯಾ?"

"ಮಾತು ಬೇಡ. ಒಳಗೆ ಹೋಗು."

"ಧೂಳು ನೋಡು. ಈ ಮಂಚದ ಕೆಳಗೆ ಪೊರಕೆ ಆಡಿ ಎಷ್ಟು ದಿನ ಆಯ್ತೇ? ಕಾಯಿಲೆಯಿಂದ ಸಾಯದಿದ್ರೂ ನಿನ್ನ ಸೋಮಾರಿತನದಿಂದ ಸಾಯ್ತೀನಿ."

ಹುಡುಗಿ ಗುಡಿಸಿದಳು, ಒರೆಸಿದಳು, ಚಾಪೆ ಹಾಸಿದಳು. ಸ್ಕ್ಯಾನಿಂಗ್ ಸೆಂಟರಿನ ಕೆಳಗಿನ ಮಹಡಿಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಹತ್ತಿರ ಕಲಿತು ಬಂದದ್ದನ್ನು ಒಂದೊಂದಾಗಿ ಹೇಳಿಕೊಟ್ಟಳು. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಎದೆಯ ಕೈ ಅಲುಗಬಾರದು, ಹೊಟ್ಟೆಯ ಕೈ ಏಳಬೇಕು. ಹೊಕ್ಕುಳ ಮೇಲೆ ಬೆಂಕಿಪೊಟ್ಟಣ ಇಟ್ಟಳು. ಉಸಿರು ಎಳೆದಾಗ ಪೊಟ್ಟಣ ಮೇಲೆ ಬರಬೇಕು, ಬಿಟ್ಟಾಗ ಇಳಿಯಬೇಕು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಎಳೆಯುವುದು, ಆರು ಎಣಿಸುವಷ್ಟು ಹೊತ್ತು ಬಾಯಿಂದ ಬಿಡುವುದು, ಬಿಸಿ ಹಾಲು ಆರಿಸುವ ಹಾಗೆ. ಭುಜ ಸಡಿಲ, ದವಡೆ ಸಡಿಲ, ನಾಲಿಗೆ ಕೂಡ ಸಡಿಲ.

"ನಾಲಿಗೆ ಸಡಿಲ ಇರೋದ್ರಲ್ಲಿ ನಾನು ಯಾವತ್ತೂ ಮೊದಲು" ಎಂದಳು ಚಿಕ್ಕಮ್ಮ ಮಂಚದ ಕೆಳಗಿನಿಂದ. ನಗುವಿಗೆ ಬೆಂಕಿಪೊಟ್ಟಣ ಉರುಳಿಬಿತ್ತು.

ನಾಲ್ಕನೇ ದಿನಕ್ಕೆ ಪೊಟ್ಟಣ ಅಲೆಯ ಮೇಲಿನ ದೋಣಿಯ ಹಾಗೆ ಏರಿ ಇಳಿಯತೊಡಗಿತು. ಚಿಕ್ಕಮ್ಮನ ಮುಖದ ಗಂಟು ಬಿಚ್ಚಿಕೊಂಡಿತು. ಒಂದು ದಿನ ಹಾಗೇ ನಿದ್ದೆ ಹೋಗಿ ಗೊರಕೆ ಹೊಡೆದಳು. ತೊಡಕು ಬಂದದ್ದು ಉಸಿರು ಹಿಡಿಯುವುದರಲ್ಲಿ. ಚಿಕ್ಕಮ್ಮ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಎಣಿಸಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಎಣಿಕೆ ಜೋರು. ಹುಡುಗಿಯ ಲೆಕ್ಕದಲ್ಲಿ ಒಂಬತ್ತಾಗುವ ಹೊತ್ತಿಗೆ ಅವಳ ಲೆಕ್ಕದಲ್ಲಿ ಹದಿನೆಂಟು ಮುಗಿದಿರುತ್ತಿತ್ತು.

ಕೊನೆಗೆ ಹುಡುಗಿ ಹೇಳಿದಳು, "ನೀನು ಎಣಿಸೋದೇ ಬೇಡ. ಎಣಿಕೆ ನನಗೆ ಬಿಡು. ಸದ್ದು ನಿಂತ್ರೂ ಬಿಡಬೇಡ, ಏನಾದ್ರೂ ಬಿಡಬೇಡ. ನಾನು 'ಬಿಡಿ' ಅಂತೀನಲ್ಲ, ಆವಾಗ ಮಾತ್ರ."

"ಏನಂದೆ? ಬಿಡಿ ಅಂತೀಯಾ?"

"ಅಲ್ಲಿ ಎಲ್ಲರಿಗೂ ಹಾಗೇ ಹೇಳೋದು."

"ಅಬ್ಬಾ! ಹದಿನಾರು ವರ್ಷ ಸಾಕಿದ್ದಕ್ಕೆ ಇವತ್ತು ಮರ್ಯಾದೆ ಸಿಕ್ತು. ಆಗಲಿ ಕಣಮ್ಮ, ನೀವು ಹೇಳಿದ ಹಾಗೇ ಆಗಲಿ."

ಅವತ್ತಿನಿಂದ ಚಿಕ್ಕಮ್ಮ ಎಣಿಸುವುದನ್ನು ಬಿಟ್ಟಳು. ಹದಿನೆಂಟೂ ಬಂತು, ಇಪ್ಪತ್ತೂ ಬಂತು. ಹುಡುಗಿ ಒಮ್ಮೆ ಪರೀಕ್ಷೆ ಮಾಡಲೆಂದು ಇಪ್ಪತ್ತೈದರ ತನಕ ಸುಮ್ಮನಿದ್ದಳು. ಚಿಕ್ಕಮ್ಮ ಕಲ್ಲಿನ ಹಾಗೆ ಮಲಗಿದ್ದಳು. ಆ ವಿಧೇಯತೆ ಕಂಡು ಹುಡುಗಿಗೆ ಖುಷಿಯಾಯಿತು, ಒಳಗೊಳಗೇ ಒಂದು ಬಗೆಯ ದಿಗಿಲೂ ಆಯಿತು.

ಹತ್ತು ದಿನ ಮುಗಿದಿತ್ತು. ಈಗ ಲಾಡಿ ಹೊಲಿಯುವುದೂ ಮುಗಿಯಿತು. ಅಂಗಿ ತೊಟ್ಟು, ಬಾಗಿಲಿಗೆ ಬೀಗ ಹಾಕಿ ಇಬ್ಬರೂ ಹೊರಟರು. ಚಿಕ್ಕಮ್ಮ ಹಾಕಿದ್ದದ್ದು ಲಾಂಡ್ರಿಯ ನೀಲಿ ಚಪ್ಪಲಿ, ಹಿಮ್ಮಡಿ ಸವೆದದ್ದು, ಕಿತ್ತುಹೋದ ಎಡಗಾಲಿನ ಪಟ್ಟಿಯನ್ನು ಹುಡುಗಿಯೇ ದಪ್ಪ ದಾರದಲ್ಲಿ ಹೊಲಿದಿದ್ದು. ದಾರಿಯುದ್ದಕ್ಕೂ ಹುಡುಗಿ ಆ ಚಪ್ಪಲಿಗಳನ್ನೇ ನೋಡುತ್ತ ನಡೆದಳು.

ಕೌಂಟರಿನ ಅಕ್ಕ ಇವರನ್ನು ಕಂಡು, "ಬನ್ನಿ ಆಂಟಿ, ನಿಮ್ಮ ಮೈಕು ಇವತ್ತು ಬೆಳಗ್ಗೇನೇ ಆಫ್ ಆಗಿರೋ ಹಾಗಿದೆ" ಎಂದಳು.

"ಮನೇಲಿ ಹತ್ತು ದಿನ ಆನ್ ಇತ್ತಲ್ಲ, ಬ್ಯಾಟರಿ ಹೋಗಿದೆ" ಎಂದಳು ಚಿಕ್ಕಮ್ಮ. ಆದರೆ ಹುಡುಗಿಯ ಮುಂಗೈ ಹಿಡಿದಿದ್ದ ಅವಳ ಬೆರಳುಗಳು ಮಂಜುಗಡ್ಡೆಯ ಹಾಗಿದ್ದವು. ಉಂಗುರ ತೆಗೆದ ಜಾಗದಲ್ಲಿ ಚರ್ಮ ಬೆಳ್ಳಗೆ ಒಳಗೆ ಹೋಗಿತ್ತು.

ಯಂತ್ರದ ಕೋಣೆಯ ಬಾಗಿಲ ಬಳಿ ಚಿಕ್ಕಮ್ಮ ಚಪ್ಪಲಿ ಬಿಟ್ಟಳು. ಮೇಜಿನ ಮೇಲೆ ಮಲಗಿದಳು. ಹುಡುಗಿ ಮಂಡಿಯ ಕೆಳಗೆ ದಿಂಬು ಕೊಟ್ಟಳು, ಹೊಟ್ಟೆಯ ಮೇಲೆ ಹಲಗೆಯಂಥ ಪಟ್ಟಿ ಕಟ್ಟಿದಳು, ಸದ್ದು ತಡೆಯುವ ಹೆಡ್‌ಫೋನು ಹಾಕಿದಳು, ಕೈಗೆ ರಬ್ಬರಿನ ಚೆಂಡು ಕೊಟ್ಟಳು. ತಡೆಯಲಾಗದಿದ್ದರೆ ಅದನ್ನು ಹಿಸುಕಬೇಕು, ಹೊರಗೆ ಗಂಟೆ ಬಾರಿಸುತ್ತದೆ.

"ಮಂಚದ ಕೆಳಗೆ ಇದ್ದೀಯ ಅನ್ಕೋ."

"ಇಲ್ಲಿ ಧೂಳಿಲ್ಲ, ಅದೇ ವ್ಯತ್ಯಾಸ" ಎಂದು ಚಿಕ್ಕಮ್ಮ ಕಣ್ಣು ಮುಚ್ಚಿದಳು.

ಮೇಜು ಮೆಲ್ಲಗೆ ಸುರಂಗದೊಳಗೆ ಸರಿಯಿತು. ಹೊರಗೆ ಉಳಿದದ್ದು ಎರಡು ಪಾದ. ಹುಡುಗಿ ಗಾಜಿನ ಈಚೆ ಬಂದು ಅವಸರದ ಸಾರ್ ಪಕ್ಕ ಕೂತು ಮೈಕು ಹತ್ತಿರ ಎಳೆದುಕೊಂಡಳು. ಅವಳ ಗಂಟಲು ಎಂಟನೇ ಕ್ಲಾಸಿನ ಹಾಗೆ ಕಟ್ಟತೊಡಗಿತ್ತು. ಎದೆಯ ಮೇಲೊಂದು, ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು ನಾಲ್ಕು ಎಣಿಸಿ ಎಳೆದಳು, ಆರು ಎಣಿಸಿ ಬಿಟ್ಟಳು. ಗಂಟಲು ಸ್ವಲ್ಪ ಸಡಿಲವಾಯಿತು.

"ಶುರು ಮಾಡೋಣ್ವಾ?" ಎಂದ ಸಾರ್. "ಒಟ್ಟು ಎಂಟು."

"ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ."

ಯಂತ್ರ ಡಗಡಗ ಬಡಿಯತೊಡಗಿತು. ಹದಿನೆಂಟಕ್ಕೆ ನಿಂತಿತು. "ಬಿಡಿ." ಸ್ಪೀಕರಿನಲ್ಲಿ ಚಿಕ್ಕಮ್ಮನ ಉದ್ದನೆಯ ಉಸಿರು ಕೇಳಿತು, ಬಿಸಿ ಹಾಲು ಆರಿಸಿದ ಹಾಗೆ. ಪರದೆಯ ಮೇಲೆ ಚಿತ್ರ ಮೂಡಿತು, ಕನ್ನಡಿಯಷ್ಟು ಸ್ಪಷ್ಟ. "ಭೇಷ್, ನಿಮ್ಮ ಚಿಕ್ಕಮ್ಮ ಗಟ್ಟಿ" ಎಂದ ಸಾರ್. ಎರಡನೆಯದು ಆಯಿತು, ಮೂರನೆಯದೂ ಆಯಿತು. ಹುಡುಗಿಗೆ ಧೈರ್ಯ ಬಂತು. ಆ ಧೈರ್ಯವೇ ಕೆಡಿಸಿತು. ಪಾದಗಳ ಮೇಲಿದ್ದ ಕಣ್ಣು ತೆಗೆದು ಅವಳು ಸಾರ್ ಮುಖ ನೋಡಿದಳು.

ನಾಲ್ಕನೆಯದಕ್ಕೆ ಹಿಡಿದುಕೊಳ್ಳಿ ಎಂದಾಗಿತ್ತು. ಮೂರನೆಯದರ ಚಿತ್ರಗಳು ಪರದೆಯ ಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಸಾರ್ ಒಂದರ ಹತ್ತಿರ ನಿಂತ. ಹಿಂದಕ್ಕೆ ಹೋದ, ಮತ್ತೆ ಮುಂದಕ್ಕೆ ಬಂದ. ಕನ್ನಡಕ ಮೇಲಕ್ಕೆ ಸರಿಸಿದ. ಕುರ್ಚಿಯ ಕೆಳಗೆ ಸದಾ ಕುಣಿಯುತ್ತಿದ್ದ ಅವನ ಬಲಗಾಲು ನಿಂತುಹೋಯಿತು. ಹುಡುಗಿ ಆ ಕಾಲನ್ನು ನೋಡಿದಳು. ಅವನ ಕೈಯನ್ನು ನೋಡಿದಳು. ಪೆನ್ನಿನ ಮುಚ್ಚಳ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಳ್ಳುತ್ತಾನೋ, ಈಗ ತೆಗೆದುಕೊಳ್ಳುತ್ತಾನೋ ಎಂದು ಅವಳು ಆ ಮುಚ್ಚಳವನ್ನೇ ದಿಟ್ಟಿಸುತ್ತಿದ್ದಳು. ಯಂತ್ರದ ಸದ್ದು ಯಾವಾಗಲೋ ನಿಂತಿತ್ತು. ಕೋಣೆ ನಿಶ್ಶಬ್ದವಾಗಿತ್ತು. ಏನನ್ನೋ ಮರೆತಿದ್ದೇನೆ ಎಂದು ಅನ್ನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ.

ಆಮೇಲೆ ಅವಳ ಕಣ್ಣು ಗಾಜಿನ ಆಚೆ ಹೋಯಿತು. ಎರಡು ಪಾದಗಳ ಹತ್ತೂ ಬೆರಳುಗಳು ಮುಷ್ಟಿಯ ಹಾಗೆ ಮಡಚಿಕೊಂಡಿದ್ದವು. ಹಿಮ್ಮಡಿಗಳು ಮೇಜಿನ ಮೇಲೆ ಪಟಪಟನೆ ನಡುಗುತ್ತಿದ್ದವು.

"ಬಿಡಿ!" ಎಂದು ಮೈಕಿಗೆ ಕಿರುಚಿದಳು. "ಬಿಡು ಚಿಕ್ಕಮ್ಮಾ, ಬಿಟ್ಟುಬಿಡು!"

ಸ್ಪೀಕರಿನಿಂದ ಬಂದದ್ದು ಉಸಿರಲ್ಲ, ಬಾವಿಯಿಂದ ಎತ್ತಿದವರು ಗಾಳಿಗೆ ಬಾಯಿ ಹಾಕುವ ಸದ್ದು. ಅದರ ಹಿಂದೆಯೇ ಗಂಟೆ ಬಾರಿಸಿತು. ಗಂಟೆ ನಿಲ್ಲಲಿಲ್ಲ. ಚಿಕ್ಕಮ್ಮ ಚೆಂಡನ್ನು ಹಿಸುಕುತ್ತಲೇ ಇದ್ದಳು.

ಸಾರ್ ಬೆಚ್ಚಿ ತಿರುಗಿದ. "ಅಯ್ಯೋ, ಹೇಳಲೇ ಇಲ್ವಾ ನೀನು? ನಾನೂ ನೋಡಲಿಲ್ಲವಲ್ಲ! ಹೊರಗೆ ತೆಗೀತೀನಿ." ಗುಂಡಿಯ ಮೇಲೆ ಕೈಯಿಟ್ಟು ತಡೆದ. "ಈಗ ಹೊರಗೆ ಬಂದ್ರೆ ಮತ್ತೆ ಒಳಗೆ ಹೋಗ್ತಾರೇನಮ್ಮ?"

ಹೋಗುವುದಿಲ್ಲ ಎಂದು ಹುಡುಗಿಗೆ ಗೊತ್ತಿತ್ತು. ಸತ್ತರೂ ಹೋಗುವುದಿಲ್ಲ.

"ಒಂದು ನಿಮಿಷ ಸಾರ್" ಎಂದಳು. ಮೈಕು ಬಾಯಿಗೆ ತಾಗುವಷ್ಟು ಹತ್ತಿರ ತಂದಳು. "ಚಿಕ್ಕಮ್ಮ, ನಾನು. ತಪ್ಪು ನಂದು. ಎಣಿಸೋದು ಬೇಡ, ಹಿಡಿಯೋದು ಬೇಡ. ಬರೀ ಬಿಡು. ಹೊಟ್ಟೆ ಮೇಲೆ ಬೆಂಕಿಪೊಟ್ಟಣ ಇದೆ. ಅದನ್ನ ಕೆಳಗೆ ಇಳಿಸು. ಆತುರ ಬೇಡ. ಹೂಂ, ಇನ್ನೂ ಇಳಿಸು. ಈಗ ತಾನಾಗೇ ಮೇಲೆ ಬರುತ್ತೆ, ಬರಲಿ ಬಿಡು. ದವಡೆ ಬಿಗಿ ಮಾಡಬೇಡ. ನಾಲಿಗೆ ಸಡಿಲ."

ಸ್ಪೀಕರಿನಲ್ಲಿ ಬಿಕ್ಕಳಿಕೆಯಂಥ ಉಸಿರು. ಹುಡುಗಿ ತನ್ನ ಉಸಿರನ್ನೂ ಮೈಕಿನೊಳಗೆ ಬಿಟ್ಟಳು, ಕೇಳಿಸಲಿ ಎಂದು. ನಾಲ್ಕು, ಆರು. ನಾಲ್ಕು, ಆರು. ಅಲ್ಲಿಯ ಉಸಿರು ಇಲ್ಲಿಯದನ್ನು ಹಿಂಬಾಲಿಸತೊಡಗಿತು. ಗಂಟೆ ನಿಂತಿತು. ಕಾಲ್ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಮರೆತುಬಿಟ್ಟೆ ಅಲ್ವೇನೇ?" ಎಂದಿತು ಸ್ಪೀಕರು, ತೆಳ್ಳಗೆ.

"ಹೂಂ."

"ನಾನು ಬಿಡಬೇಕು ಅನ್ಕೊಂಡೆ. ನೀನು ಹೇಳಲಿಲ್ಲ. ಹೇಳದೆ ಬಿಟ್ರೆ ಮೂರನೇ ಸಲವೂ ನಾನೇ ಕೆಡಿಸಿದ ಹಾಗಾಗುತ್ತೆ ಅಂತ... ಆ ಲಿಫ್ಟಿನಲ್ಲೂ ಹೀಗೇ ಇತ್ತು ಕಣೇ. ಯಾರೋ ಬರ್ತಾರೆ, ಯಾರೋ ಬರ್ತಾರೆ ಅಂತ. ಇನ್ನೆಷ್ಟಿದೆ?"

"ನಾಲ್ಕು. ಸಾಕು ಅನ್ಸಿದ್ರೆ ಹೇಳು, ತೆಗೆಸ್ತೀನಿ."

"ಬೇಡ. ಮುಗಿಸಿಬಿಡು. ಆದ್ರೆ ಎಲ್ಲೆಲ್ಲೋ ನೋಡಬೇಡ. ನನ್ನ ಕಡೆ ನೋಡು."

ಹುಡುಗಿ ನೋಡಿದಳು. ಆಮೇಲಿನ ನಾಲ್ಕು ಸಲವೂ ಅವಳು ಆ ಎರಡು ಪಾದಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಡೆದ ಹಿಮ್ಮಡಿ, ಇಸ್ತ್ರಿಪೆಟ್ಟಿಗೆ ಬಿದ್ದು ಕಪ್ಪಾದ ಹೆಬ್ಬೆರಳ ಉಗುರು, ಕಿರುಬೆರಳ ಪಕ್ಕದ ಆಣಿ. ಪಕ್ಕದಲ್ಲಿ ಪರದೆ ಬೆಳಗುತ್ತಿತ್ತು, ಕತ್ತಲಾಗುತ್ತಿತ್ತು. ಸಾರ್ ಭೇಷ್ ಎನ್ನಲಿಲ್ಲ, ಬೇಗ ಎನ್ನಲಿಲ್ಲ. ಅವನ ಕಾಲು ಕುಣಿಯುತ್ತಿದೆಯೇ ಎಂದು ನೋಡಬೇಕೆನ್ನಿಸಿ ಅವಳ ಕತ್ತಿನ ನರ ನೋಯುತ್ತಿತ್ತು. ನೋಡಲಿಲ್ಲ. ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ. ಎಂಟನೆಯದರ ಹದಿನೆಂಟಕ್ಕೆ ಅವಳು ಹೇಳಿದ "ಬಿಡಿ" ಎಷ್ಟು ಮೆಲ್ಲಗಿತ್ತೆಂದರೆ ಅವಳಿಗೇ ಕೇಳಲಿಲ್ಲ. ಚಿಕ್ಕಮ್ಮನಿಗೆ ಕೇಳಿತ್ತು. ಪಾದಗಳು ಎರಡು ಕಡೆಗೆ ಸಡಿಲವಾಗಿ ಒರಗಿದವು.

"ಎಲ್ಲಾ ಬಂತಾ ಸಾರ್?"

"ಬಂತು. ಎಲ್ಲಾ ಸ್ಪಷ್ಟವಾಗಿ ಬಂದಿದೆ" ಎಂದ ಅವನು.

ಅವನ ದನಿಯಲ್ಲಿ ಅವಸರ ಇರಲಿಲ್ಲ. ಟಿಕ್ ಎಂದು ಒಂದು ಸಣ್ಣ ಸದ್ದಾಯಿತು. ಪೆನ್ನಿನ ಮುಚ್ಚಳ.

ಹುಡುಗಿ ದಡಬಡಿಸಿ ಎದ್ದಳು. ಮೈಕಿನ ವೈರು ಅಂಗಿಯ ತೋಳಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅವನ ಕುರ್ಚಿ ಹಿಂದಕ್ಕೆ ಸರಿದಿತ್ತು. ಅವಳು ಬಾಗಿಲು ದಾಟುವ ಹೊತ್ತಿಗೆ ಅವನು ಒಳಗೆ ಮೇಜಿನ ಬಳಿ ನಿಂತು ಚಿಕ್ಕಮ್ಮನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದ.

ಚಿಕ್ಕಮ್ಮನ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಮುಖದಲ್ಲಿ ಮಾತ್ರ ಗೆದ್ದವರ ಕಳೆ ಇತ್ತು. "ಮಾಡಿಬಿಟ್ಟೆ ಕಣೇ" ಎಂದಳು ಹುಡುಗಿಯನ್ನು ಕಂಡು. "ಎಂಟೂ ಮಾಡಿಬಿಟ್ಟೆ. ಇನ್ನು ಲಿಫ್ಟೇನು, ಬೆಂಕಿಪೊಟ್ಟಣದೊಳಗೆ ಹಾಕಿದ್ರೂ ಮಲಗ್ತೀನಿ. ನೋಡು ಸಾರ್ ಎಷ್ಟು ಒಳ್ಳೆಯವರು. ನೀನು ನೋಡಿದ್ರೆ, ಅವಸರ ಅವಸರ ಅಂತ ಆಡ್ಕೋತಿದ್ದೆ."

ಸಾರ್ ಅವಳ ಮೊಣಕೈ ಹಿಡಿದು ಬಾಗಿಲ ತನಕ ಒಂದೊಂದೇ ಹೆಜ್ಜೆ ನಡೆಸಿಕೊಂಡು ಬಂದ. ಬಾಗಿಲ ಬಳಿ ನೀಲಿ ಚಪ್ಪಲಿಗಳು ಒಳಮುಖವಾಗಿ ಬಿದ್ದಿದ್ದವು. ಹುಡುಗಿ ಅವುಗಳ ಕಡೆ ಬಗ್ಗಿದಳು. ಅವನು ಅವಳಿಗಿಂತ ಮೊದಲು ಬಗ್ಗಿದ್ದ. ದಾರ ಹಾಕಿದ ಎಡಗಾಲಿನ ಚಪ್ಪಲಿ ಅವನ ಕೈಯಲ್ಲಿತ್ತು.

"ಅಯ್ಯೋ, ನೀವ್ಯಾಕೆ ಸಾರ್" ಎಂದಳು ಚಿಕ್ಕಮ್ಮ ನಾಚಿಕೊಂಡು, ಪಾದ ಹಿಂದಕ್ಕೆ ಎಳೆಯುತ್ತ.

ಹುಡುಗಿ ಕೈ ಚಾಚಿದಳು. ಮೈಕಿನಲ್ಲಿ ಮಾತಾಡುವಾಗ ಇರುತ್ತಿದ್ದ ದನಿ ಈಗ ಇರಲಿಲ್ಲ.

"ಸಾರ್, ಅದು ನನ್ನ ಕೆಲಸ. ಚಪ್ಪಲಿ ನನಗೆ ಕೊಡಿ."